ಎಂದು ಆರೋಪಿಸಲಾಗಿದೆ

ಮತ್ತೆ ನೀರು ಕುಡಿಯುತ್ತಿದ್ದಾರೆ ಡಾಕ್ಟರು, ಗುಟುಕ್, ಗುಟುಕ್, ಆಮೇಲೆ ಲೋಟ ಮೇಜಿನ ಮೇಲಿಟ್ಟ ಸದ್ದು, ಆಮೇಲೆ ಗಂಟಲು ಸರಿಮಾಡಿಕೊಳ್ಳುವುದು, ಇದನ್ನೆಲ್ಲ ಟೈಪ್ ಮಾಡುವ ಹಾಗಿದ್ದಿದ್ದರೆ ಇಷ್ಟು ಹೊತ್ತಿಗೆ ಒಂದು ಪುಟ ತುಂಬುತ್ತಿತ್ತು — ಮುಖ ಕಂಡಿಲ್ಲ ನಾನು ಆ ಮನುಷ್ಯನದು, ಎದುರಿಗೆ ಬಂದು ನಿಂತರೂ ಗುರುತು ಸಿಗಲಿಕ್ಕಿಲ್ಲ, ಆದರೆ ಐದು ತಿಂಗಳಿಂದ ನನ್ನ ಎರಡು ಕಿವಿಗಳ ನಡುವೆ ಕೂತು ಮಾತಾಡುತ್ತಿದ್ದಾರೆ, ಅವರಿಗೆ ನೆಗಡಿ ಶುರುವಾದದ್ದು ಅವರ ಹೆಂಡತಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಕಿವಿಗೆ ಹೆಡ್‌ಫೋನು, ಬಲಗಾಲಿನ ಕೆಳಗೆ ಅವರ ರೆಕಾರ್ಡಿಂಗಿನ ಪೆಡಲ್, ಒತ್ತಿದರೆ ಮಾತು, ಬಿಟ್ಟರೆ ಮೌನ, ಹಿಮ್ಮಡಿಯಿಂದ ಒತ್ತಿದರೆ ಹಿಂದಕ್ಕೆ ಹೋಗಿ ಹೇಳಿದ್ದನ್ನೇ ಇನ್ನೊಮ್ಮೆ ಹೇಳುತ್ತಾರೆ, ಒಂದಿಷ್ಟೂ ಬೇಸರ ಮಾಡಿಕೊಳ್ಳದೆ, ಎಂಥ ಗಂಡಸಪ್ಪಾ ಎಂದು ಪಕ್ಕದ ಸೀಟಿನ ಹುಡುಗಿಗೆ ಹೇಳಿ ನಗಿಸಿದ್ದೆ ಮೊದಲ ವಾರ. ಈಗ ನಗುವುದಕ್ಕೂ ಸುಸ್ತು. ಕಾಲು ಜೋಮು ಹಿಡಿದಿದೆ, ಬಲಗೈ ಮಣಿಕಟ್ಟು ನೋಯುತ್ತಿದೆ, ಫ್ಯಾನು ತಿರುಗುತ್ತಿದೆ ಅನ್ನುವುದು ಹೆಸರಿಗೆ ಮಾತ್ರ, ಗಂಟೆ ಹನ್ನೆರಡೂ ಕಾಲು, ಶನಿವಾರ, ಎರಡಕ್ಕೆ ಬಾಗಿಲು ಹಾಕುತ್ತಾರೆ, ಎರಡೂ ಮುಕ್ಕಾಲಿಗೆ ಮಗ ಮೊಮ್ಮಗಳನ್ನು ತಂದು ಬಿಡುತ್ತಾನೆ, ಬಿಟ್ಟು ಬಾಗಿಲಲ್ಲೇ ನಿಂತು ಹೊರಡುತ್ತಾನೆ, ನಾನೂ ಒಳಗೆ ಬಾ ಅನ್ನುವುದಿಲ್ಲ, ಎಂಟು ದಿನವಾಯಿತು ಅವನ ಜೊತೆ ಮಾತು ಬಿಟ್ಟು.

ಇನ್ನೊಂದೇ ಫೈಲು ಉಳಿದಿದೆ ಅಮ್ಮ, ಮುಗಿಸ್ಬಿಡಿ, ಸೋಮವಾರಕ್ಕೆ ಇಟ್ಕೋಬೇಡಿ ಎಂದು ಹೇಳಿಹೋದರು ಮ್ಯಾನೇಜರು, ನಾವು ಅವರಿಗೆ ಸ್ಪೀಡ್ ಸಾಹೇಬರು ಎಂದು ಹೆಸರಿಟ್ಟಿದ್ದೇವೆ, ಬಂದಾಗಲೆಲ್ಲ ಸ್ಪೀಡು ಸ್ಪೀಡು, ಬೆರಳಿಗೆ ಬುದ್ಧಿ ಬೇಡಮ್ಮ, ಕಿವಿ ಇದ್ರೆ ಸಾಕು ಅನ್ನುತ್ತಾರೆ — ಹೇಳುವುದು ಸುಲಭ, ಈ ಬೆರಳುಗಳು ಇಪ್ಪತ್ತೆರಡು ವರ್ಷ ಕೋರ್ಟಿನ ಕಾಗದ ಟೈಪ್ ಮಾಡಿದ ಬೆರಳುಗಳು, ಅವಕ್ಕೆ ಅವುಗಳದೇ ಬುದ್ಧಿ ಬಂದುಬಿಟ್ಟಿದೆ. ಇದೇ ಆಫೀಸು, ಇದೇ ಕುರ್ಚಿ, ಆಗೆಲ್ಲ ವಕೀಲರ ಕೆಲಸ ಬರುತ್ತಿತ್ತು, ಯಾರು ಯಾರಿಗೆ ಏನು ಮಾಡಿದರೂ ಸಾಲಿನ ಕೊನೆಗೆ ಎಂದು ಆರೋಪಿಸಲಾಗಿದೆ ಎಂದು ಬೀಳಬೇಕು, ದೊಡ್ಡ ವಕೀಲರು ಮೊದಲ ದಿನವೇ ಕೂರಿಸಿಕೊಂಡು ಹೇಳಿದ್ದರು, ನೋಡಮ್ಮ, ಹೊಡೆದ ಅಂತ ನಾವು ಬರೆಯೋ ಹಾಗಿಲ್ಲ, ಹೊಡೆದ ಎಂದು ಆರೋಪಿಸಲಾಗಿದೆ, ಈ ಎರಡು ಪದ ಇಲ್ದೆ ಒಂದು ಹಾಳೆಯೂ ಹೊರಗೆ ಹೋಗ್ಬಾರ್ದು, ನಮ್ಮ ಹೊಟ್ಟೆಪಾಡೇ ಇದ್ರಲ್ಲಿದೆ. ಹೊಡೆಯುವ ಬಡಿಯುವ ಮಾತು ಬಂದರೆ ಸಾಕು, ಕೈ ತಾನಾಗಿಯೇ ಆ ಎರಡು ಪದ ಉದುರಿಸುತ್ತದೆ, ಈ ಮನೋವೈದ್ಯರ ಕೆಲಸ ಬಂದ ಮೇಲೆ ಮೂರು ಸಲ ಸಿಕ್ಕಿಬಿದ್ದೆ, ಏನಮ್ಮ ಇದು, ಡಾಕ್ಟರು ಇದು ಆಸ್ಪತ್ರೆನಾ ಪೊಲೀಸ್ ಸ್ಟೇಷನ್ನಾ ಅಂತ ಕೇಳ್ತಿದಾರೆ ಎಂದು ಸ್ಪೀಡ್ ಸಾಹೇಬರು ಎಲ್ಲರೆದುರು ಹೇಳಿದ್ದರು, ನಾಚಿಕೆಯಾಗಿತ್ತು. ಮಗನಿಗೆ ಇದಾವುದೂ ಗೊತ್ತಿಲ್ಲ, ಅಮ್ಮ ಇನ್ನೂ ವಕೀಲರ ಕಾಗದ ಬಡಿಯುತ್ತಾಳೆ ಎಂದೇ ತಿಳಿದಿದ್ದಾನೆ, ಮನೆಯಲ್ಲೂ ಬಾಯಿ ಬಿಡುವುದಿಲ್ಲ ಎಂದು ಸಹಿ ಹಾಕಿಸಿಕೊಂಡಿದ್ದಾರೆ ನಮ್ಮ ಹತ್ತಿರ. ರೋಗಿಗಳಿಗೆ ಹೆಸರಿಲ್ಲ, ನಂಬರು ಮಾತ್ರ. ಗುರುತಿನವರದು ಅನಿಸಿದರೆ ತಕ್ಷಣ ನಿಲ್ಲಿಸಿ ವಾಪಸು ಕೊಡಬೇಕು, ಅದೂ ಆ ಕಾಗದದಲ್ಲಿದೆ, ಆರನೆಯ ಸಾಲು, ನಾನೇ ಟೈಪ್ ಮಾಡಿದ್ದು.

ನಾನೂರ ಹನ್ನೆರಡು, ಎರಡನೆಯ ಭೇಟಿ ಅನ್ನುತ್ತಾರೆ ಡಾಕ್ಟರು, ಪುರುಷ, ವಯಸ್ಸು ಮೂವತ್ನಾಲ್ಕು, ವಿವಾಹಿತ, ಒಬ್ಬಳು ಮಗಳು, ನಾಲ್ಕು ವರ್ಷ, ದೂರು — ತನ್ನ ಸಿಟ್ಟಿನ ಬಗ್ಗೆ ತನಗೇ ಭಯ, ಪೂರ್ಣವಿರಾಮ. ಆಯಿತು, ಇನ್ನು ವಿವರಣೆ ಬರುತ್ತದೆ, ರೋಗಿಗಳು ಬೇರೆ ಬೇರೆ, ಡಾಕ್ಟರ ವಿವರಣೆ ಒಂದೇ, ಪೆಡಲ್ ಒತ್ತದಿದ್ದರೂ ಬರೆಯಬಲ್ಲೆ — ಕೆಡವುವ ಬಯಕೆ ಪ್ರೀತಿಸುವ ಬಯಕೆಯಷ್ಟೇ ಹಳೆಯದು, ಎರಡೂ ಹುಟ್ಟಿನಿಂದಲೇ ಬಂದವು, ಒಳಕ್ಕೆ ತಿರುಗಿದರೆ ತನ್ನನ್ನೇ ತಿನ್ನುತ್ತದೆ, ಹೊರಕ್ಕೆ ತಿರುಗಿದರೆ ಇನ್ನೊಬ್ಬರನ್ನು, ತೋರಿಸಬೇಕಾದವರಿಗೆ ತೋರಿಸಲಾಗದ ಸಿಟ್ಟನ್ನು ಮನಸ್ಸು ನುಂಗಿ ಮರೆಯುತ್ತದೆ, ಮರೆತದ್ದು ಸತ್ತದ್ದಲ್ಲ, ಅದು ದಾರಿ ಹುಡುಕುತ್ತಿರುತ್ತದೆ, ತನಗಿಂತ ಸಣ್ಣವರು ಸಿಕ್ಕಿದಲ್ಲಿ ಹೊರಗೆ ಬರುತ್ತದೆ, ಪುಣ್ಯವಿದ್ದರೆ ಯಾವುದೋ ಕೆಲಸದ ವೇಷ ಹಾಕಿಕೊಂಡು ಬರುತ್ತದೆ. ಇಷ್ಟು ಹೇಳುವುದಕ್ಕೆ ಅಷ್ಟೊಂದು ಓದಬೇಕಾ ಎಂದು ಒಮ್ಮೆ ಅನಿಸಿತ್ತು, ಆಫೀಸಿನಲ್ಲಿ ಬೈಸಿಕೊಂಡವನು ಮನೆಗೆ ಬಂದು ಹೆಂಡತಿಯ ಮೇಲೆ ಹಾರಾಡುತ್ತಾನೆ ಅನ್ನುವುದು ಯಾವ ಹೆಂಡತಿಗೆ ಗೊತ್ತಿಲ್ಲ. ಕೈ ಓಡುತ್ತಿದೆ, ತಲೆ ಎಲ್ಲೋ ಇದೆ, ಮೊಮ್ಮಗಳ ತಲೆಯ ಮೇಲಿದೆ, ಅಯ್ಯೋ ಆ ಕೂದಲು, ಸೊಂಟದವರೆಗೆ ಇಳಿದಿತ್ತು, ನಾಲ್ಕು ವರ್ಷದ ಮಗುವಿಗೆ ಅಷ್ಟು ಕೂದಲು ಯಾರು ಕಂಡಿದ್ದಾರೆ, ಹೋದ ಶನಿವಾರ ಬಾಗಿಲು ತೆಗೆದರೆ ಗಂಡುಹುಡುಗನ ಹಾಗೆ ಕತ್ತರಿಸಿದ ತಲೆ, ಕಿವಿಗಳೆರಡೂ ಬೋಳುಬೋಳಾಗಿ ನನ್ನನ್ನೇ ನೋಡುತ್ತಿದ್ದವು. ಯಾರೋ ಈ ಕೆಲಸ ಮಾಡಿದ್ದು, ಇಂಥ ಕೂದಲಿಗೆ ಕತ್ತರಿ ಹಾಕ್ಸೋಕೆ ಕೈಯಾದ್ರೂ ಹೇಗೆ ಬಂತೋ ನಿಂಗೆ ಎಂದು ಕೂಗಿದೆ, ಇವರೇ ಕರ್ಕೊಂಡು ಹೋಗಿ ಮಾಡಿಸಿದ್ದು ಅತ್ತೆ, ನನ್ನ ಒಂದು ಮಾತೂ ಕೇಳ್ಲಿಲ್ಲ ಎಂದು ಸೊಸೆ ಕಣ್ಣೊರೆಸಿಕೊಂಡಳು, ಅವನು ಮಾತ್ರ ಸೆಕೆ ಅಮ್ಮ, ಮಗೂಗೆ ಸೆಕೆ ಆಗತ್ತೆ ಎಂದು ಎಲ್ಲೋ ನೋಡುತ್ತ ಹೇಳಿದ, ಸೆಕೆಯಂತೆ ಸೆಕೆ.

ವೃತ್ತಿ, ಹಳೆಯ ಕಟ್ಟಡಗಳನ್ನು ಕೆಡವುವ ಕಂಪನಿಯಲ್ಲಿ ನೌಕರಿ — ಟೈಪ್ ಮಾಡಿದೆ. ಹನ್ನೆರಡು ವರ್ಷ ಸುತ್ತಿಗೆ ಹಿಡಿದು ಗೋಡೆ ಒಡೆಯುವ ಕೆಲಸ, ಅಲ್ಪವಿರಾಮ, ಆ ವರ್ಷಗಳಲ್ಲಿ ಯಾವ ತೊಂದರೆಯೂ ಇರಲಿಲ್ಲ ಎಂದು ರೋಗಿ ಹೇಳುತ್ತಾನೆ, ಪೂರ್ಣವಿರಾಮ, ಆರು ತಿಂಗಳ ಹಿಂದೆ ಬಡ್ತಿ ಸಿಕ್ಕಿ ಮೇಜಿನ ಕೆಲಸಕ್ಕೆ ಬಂದಿದ್ದಾನೆ — ಟೈಪ್ ಮಾಡಿದೆ, ಆಮೇಲೆ ಕಾಲು ಪೆಡಲಿನಿಂದ ತಾನಾಗಿ ಮೇಲೆದ್ದಿತು. ಮೌನ. ಪಕ್ಕದ ಸೀಟಿನ ಹುಡುಗಿಯ ಕೀಲಿಗಳ ಟಕಟಕ. ನನ್ನ ಮಗನಿಗೆ ಬಡ್ತಿ ಬಂದ ದಿನ ನಾನೇ ಹೇಳಿದ್ದೆ, ಸದ್ಯ, ಇನ್ನಾದ್ರೂ ಆ ಧೂಳು ಕುಡಿಯೋದು ತಪ್ತು ನೋಡು, ಫ್ಯಾನಿನ ಕೆಳಗೆ ಕೂತ್ಕೊಂಡು ಕೆಲಸ ಮಾಡ್ತೀಯ, ಅವನು ಕೈ ನೋಡಿಕೊಳ್ಳುತ್ತಿದ್ದ, ಆಣಿ ಕಟ್ಟಿದ ದೊಡ್ಡ ಅಂಗೈಗಳು, ಸುತ್ತಿಗೆ ಹಿಡಿಯದಿದ್ರೆ ಕೈ ಖಾಲಿ ಖಾಲಿ ಅನ್ಸತ್ತಮ್ಮ ಅಂದ, ಸುಮ್ನಿರೋ ಮಾರಾಯ, ಎಲ್ರೂ ಸುತ್ತಿಗೆ ಬಿಡೋಕೆ ಒದ್ದಾಡ್ತಾರೆ ಅಂದೆ, ನಕ್ಕೆ. ಈಗ ಏಳಬೇಕು, ಕಿವಿಯಿಂದ ಇದನ್ನು ತೆಗೆದಿಟ್ಟು ಸ್ಪೀಡ್ ಸಾಹೇಬರ ಹತ್ತಿರ ಹೋಗಿ ಇದು ನನಗೆ ಬೇಡ, ಗುರುತಿನವರದು ಅನ್ನಬೇಕು, ಯಾರಮ್ಮ ಅನ್ನುತ್ತಾರೆ, ಅನ್ನದಿದ್ದರೂ ನನ್ನ ಮುಖ ನೋಡಿದರೆ ತಿಳಿಯುತ್ತದೆ, ಫೈಲು ಪಕ್ಕದ ಹುಡುಗಿಗೆ ಹೋಗುತ್ತದೆ, ಒಳ್ಳೆಯ ಹುಡುಗಿಯೇ, ಆದರೆ ನನ್ನ ಮನೆಗೆ ಎರಡು ಸಲ ಬಂದು ನನ್ನ ಮಗನ ಕೈಯಿಂದ ಟೀ ಇಸಿದುಕೊಂಡು ಕುಡಿದವಳು, ಬೆರಳಿಗೆ ಬುದ್ಧಿ ಇಲ್ಲದಿದ್ದರೂ ಅವಳಿಗೆ ಇದೆ. ಬೇಡ. ಏಳಲಿಲ್ಲ. ಮೂವತ್ನಾಲ್ಕು ವರ್ಷದವರು, ಸುತ್ತಿಗೆ ಬಿಟ್ಟವರು, ಊರಿನಲ್ಲಿ ಇನ್ನೂ ಎಷ್ಟೋ ಜನ ಇರಬಹುದು, ಇರಬಹುದಲ್ಲ, ಕಾಲು ಒತ್ತಿದೆ.

ಇದುವರೆಗೆ ಮಗುವಿನ ಮೇಲೆ ಕೈ ಮಾಡಿಲ್ಲ, ಪೂರ್ಣವಿರಾಮ, ಆದರೆ ಮಗಳ ತಲೆ ಬಾಚಲು ಕೂತಾಗ, ಸಿಕ್ಕು ಬಿಡಿಸುವಾಗ ಮಗು ಅತ್ತರೆ, ಕೈಗೆ ತಡೆಯಲಾಗದ ಒಂದು ಬಿಗಿ ಬರುತ್ತದೆ, ಎಳೆದುಬಿಡುತ್ತೇನೆ, ಚಚ್ಚಿಬಿಡುತ್ತೇನೆ ಎಂಬ ಭಯ, ಹೆಂಡತಿ ಬೆಳಗ್ಗೆ ಬೇಗ ಕೆಲಸಕ್ಕೆ ಹೋಗುವುದರಿಂದ ತಲೆ ಬಾಚುವುದು ರೋಗಿಯ ಪಾಲಿಗೆ, ಮೂರು ವಾರಗಳ ಹಿಂದೆ ಬಾಚಣಿಗೆಯನ್ನು ಎತ್ತಿದ್ದ ಕೈಯನ್ನು ಗೋಡೆಗೆ ಹೊಡೆದುಕೊಂಡಿದ್ದಾನೆ, ಬೆರಳಿನ ಗೆಣ್ಣು ಒಡೆದಿದೆ, ಪೂರ್ಣವಿರಾಮ, ಈ ಕಾರಣದಿಂದಲೇ, ಯಾರಿಗೂ ಕಾರಣ ಹೇಳದೆ, ಮಗುವಿನ ಕೂದಲಿಗೆ ಕತ್ತರಿ ಹಾಕಿಸಿದ್ದಾನೆ. ಡಾಕ್ಟರು ನೀರು ಕುಡಿದರು. ಸೆಕೆ ಅಮ್ಮ ಅಂದಿದ್ದ, ಕೈಗೆ ಪಟ್ಟಿ ಕಟ್ಟಿಕೊಂಡಿದ್ದ, ನಾನು ಕೇಳಿದ್ದೆನಲ್ಲ, ಅದೇನೋ ಕೈಗೆ, ಬಾಗಿಲಿಗೆ ಸಿಕ್ಕಿತು ಅಂದ, ನೋಡ್ಕೊಂಡು ಮಾಡ್ಬಾರ್ದಾ ಅಂದೆ. ಎಂಟು ದಿನ ಮುಖ ಗಂಟಿಕ್ಕಿಕೊಂಡು ಕೂತಿದ್ದೆ ನಾನು, ಮುಡಿ ಹಾಳುಮಾಡಿದ ಎಂದು, ಮಗುವನ್ನು ತನ್ನ ಕೈಯಿಂದ ಕಾಪಾಡಲು ಅವನಿಗೆ ಹೊಳೆದದ್ದು ಅದೊಂದೇ ದಾರಿ, ಕೂದಲೇ ಇಲ್ಲದಿದ್ದರೆ ಬಾಚಣಿಗೆ ಬೇಡವಲ್ಲ — ದಡ್ಡ, ನನ್ನ ದಡ್ಡ, ಅಮ್ಮನ ಹತ್ತಿರ ಒಂದು ಮಾತು, ಆದರೆ ಅಮ್ಮನ ಹತ್ತಿರ ಹೇಗೆ ಹೇಳುತ್ತಾನೆ, ಹಿಮ್ಮಡಿ ಒತ್ತಿದೆ, ಬಾಚಣಿಗೆಯನ್ನು ಎತ್ತಿದ್ದ ಕೈಯನ್ನು, ಇನ್ನೊಮ್ಮೆ, ಬಾಚಣಿಗೆಯನ್ನು ಎತ್ತಿದ್ದ ಕೈಯನ್ನು, ಡಾಕ್ಟರಿಗೆ ಬೇಸರವೇ ಇಲ್ಲ.

ಬಾಚಣಿಗೆ ನಮ್ಮದು ಮರದ್ದು, ಅಗಲ ಹಲ್ಲಿನದು, ಅತ್ತೆಯದು, ಅತ್ತೆಯ ಅತ್ತೆಯದೂ ಇರಬಹುದು, ಇವತ್ತಿಗೂ ನನ್ನ ಕನ್ನಡಿಯ ಕೆಳಗೆ ಅದೇ ಇದೆ, ನಡುವೆ ಒಂದು ಹಲ್ಲಿಲ್ಲ, ಬಿದ್ದು ಮುರಿದದ್ದು. ಬೆಳಗಿನ ಎಂಟು ಗಂಟೆ, ಸ್ಕೂಲಿಗೆ ಹೊತ್ತಾಗಿದೆ, ಇನ್ನೂ ಚಿಕ್ಕವನಾದ ಮಗ ನನ್ನ ಮೊಣಕಾಲುಗಳ ನಡುವೆ ನಿಂತಿದ್ದಾನೆ, ಅತ್ತೆ ಎದುರಿನ ಕುರ್ಚಿಯಲ್ಲಿ, ಕೈ ಮಡಿಲಲ್ಲಿಟ್ಟು, ಒಂದು ದಿನವೂ ಗಟ್ಟಿಯಾಗಿ ಬೈದವರಲ್ಲ, ಅದೇ ಕಷ್ಟ, ಮೆತ್ತಗೆ ಮೆತ್ತಗೆ ಚುಚ್ಚುವುದು, ನಿಮ್ಮಮ್ಮ ನಿಂಗೆ ಏನೂ ಕಲ್ಸಿಲ್ಲ ಅಂತ ಗೊತ್ತಿತ್ತು, ತಲೆ ಬಾಚೋದೂ ಕಲ್ಸಿಲ್ವಾ, ಪಾಪ ಅವ್ರಿಗೂ ಏನು ಗೊತ್ತಿತ್ತು ಬಿಡು, ನನ್ನ ಮಗನ ಹಣೆಬರಹ — ನನ್ನಮ್ಮ ತೀರಿಹೋಗಿ ಇನ್ನೂ ವರ್ಷ ತುಂಬಿರಲಿಲ್ಲ, ಇವರು, ಅವನಪ್ಪ, ದೂರದ ಕೆಲಸದಲ್ಲಿ, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು, ಬಂದಾಗ ಹೇಳಿದರೆ ವಯಸ್ಸಾದವ್ರು ಕಣೇ, ಹೊಟ್ಟೆಗೆ ಹಾಕ್ಕೋ, ಎಷ್ಟು ಹಾಕಿಕೊಳ್ಳುವುದು, ಹೊಟ್ಟೆಗೂ ಒಂದು ಅಳತೆ ಬೇಡವಾ. ಬಾಯಿಗೆ ಬೀಗ ಹಾಕಿಕೊಂಡು ಬಾಚುತ್ತಿದ್ದೆ. ಅತ್ತೆಯ ಮಾತು ಒಂದು, ಬಾಚಣಿಗೆಯ ಎಳೆತ ಒಂದು, ಮಾತು ಒಂದು, ಎಳೆತ ಒಂದು, ಸರಿಯಾಗಿ ನಿಂತ್ಕೊಳ್ಳೋ, ಅಲ್ಲಾಡ್ಬೇಡ, ಬಾಚಣಿಗೆಯ ಬೆನ್ನಿನಿಂದ ನೆತ್ತಿಗೆ ಟಕ್, ಅಷ್ಟೇ, ಒಂದು ಟಕ್, ಎಲ್ಲ ತಾಯಂದಿರೂ ಕೊಡುತ್ತಾರೆ, ಅದನ್ನು ಹೊಡೆತ ಅನ್ನುತ್ತಾರಾ ಯಾರಾದರೂ. ಹೊಡೆದದ್ದು ನಾನು ಯಾರನ್ನು ಎಂದು ಈಗ ಯಾರಾದರೂ ಕೇಳಿದರೆ ಹೇಳಬಲ್ಲೆ, ಕಣ್ಣೆತ್ತಿದರೆ ಎದುರಿಗೇ ಕೂತಿದ್ದರಲ್ಲ, ಬೆಳ್ಳಗಿನ ಸೆರಗು ಸರಿಮಾಡಿಕೊಳ್ಳುತ್ತ, ಆದರೆ ತಲೆ ಇದ್ದದ್ದು ಅವನದು, ಕೈಗೆ ಎಟುಕಿದ್ದು ಅವನ ತಲೆ, ಐದು ತಿಂಗಳಿಂದ ಇದನ್ನೇ ಟೈಪ್ ಮಾಡುತ್ತಿದ್ದೇನೆ ನಾನು, ದಿನಕ್ಕೆ ಆರು ಫೈಲು, ಬೇರೆಯವರದು.

ತಾಯಿ ಪ್ರತಿದಿನ ಬೆಳಗ್ಗೆ ಬಾಚಣಿಗೆಯಿಂದ ತಲೆಗೆ ಹೊಡೆಯುತ್ತಿದ್ದರು, ಪೂರ್ಣವಿರಾಮ, ಒಮ್ಮೆ ಹೊಡೆತದ ರಭಸಕ್ಕೆ ಬಾಚಣಿಗೆಯ ಒಂದು ಹಲ್ಲು ಮುರಿದು ನೆತ್ತಿಯಲ್ಲಿ ನಾಟಿಕೊಂಡಿತು, ರೋಗಿಗೆ ಆಗ ಏಳು ವರ್ಷ. ಇಲ್ಲ. ಬಿದ್ದು ಮುರಿದದ್ದು ಅದು, ಬಚ್ಚಲಿನ ಕಲ್ಲಿನ ಮೇಲೆ ಕೈಜಾರಿ ಬಿತ್ತು, ಸದ್ದು ಕೂಡ ಕಿವಿಯಲ್ಲಿದೆ, ಅತ್ತೆಗೂ ಹಾಗೇ ಹೇಳಿದ್ದೆ, ಇವರಿಗೂ, ಸೊಸೆಗೂ, ಹೋದ ಶನಿವಾರ ಜಗಳ ಮುಗಿದ ಮೇಲೆ ಮೊಮ್ಮಗಳು ಕನ್ನಡಿಯ ಕೆಳಗಿಂದ ಅದನ್ನೆತ್ತಿಕೊಂಡು ಬಂದು ನನ್ನ ತಲೆ ಬಾಚುತ್ತ ಅಜ್ಜಿ, ಇಲ್ಲೊಂದು ಹಲ್ಲು ಎಲ್ಲಿ ಹೋಯ್ತು ಎಂದು ಕೇಳಿದಳು, ಬಿದ್ದು ಮುರೀತು ಕಂದ ಅಂದೆ, ನೋವಾಯ್ತಾ ಅದಕ್ಕೆ ಅಂದಳು, ಅವಳಪ್ಪ ಬಾಗಿಲಲ್ಲಿ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ, ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದ, ತಲೆ ಎತ್ತಲಿಲ್ಲ. ತಲೆ ಎತ್ತಲಿಲ್ಲ ಅವನು. ಬೆರಳುಗಳು ನಿಂತಿವೆ, ಪರದೆ ನೋಡುತ್ತೇನೆ, ಕನ್ನಡಕ ಒರೆಸಿ ಮತ್ತೆ ನೋಡುತ್ತೇನೆ, ಸಾಲು ಅಲ್ಲಿದೆ, ತಾಯಿ ಪ್ರತಿದಿನ ಬೆಳಗ್ಗೆ ಬಾಚಣಿಗೆಯಿಂದ ತಲೆಗೆ ಹೊಡೆಯುತ್ತಿದ್ದರು ಎಂದು ಆರೋಪಿಸಲಾಗಿದೆ. ಡಾಕ್ಟರು ಅನ್ನಲಿಲ್ಲ ಅದನ್ನು. ಹಿಮ್ಮಡಿ ಒತ್ತಿ ಕೇಳಿದೆ, ಇಲ್ಲ, ಅನ್ನಲಿಲ್ಲ, ಹೊಡೆಯುತ್ತಿದ್ದರು, ಪೂರ್ಣವಿರಾಮ, ಅಷ್ಟೇ. ಬೆರಳು ಅಂದದ್ದು. ಇಪ್ಪತ್ತೆರಡು ವರ್ಷ ಯಾರುಯಾರನ್ನೋ ಕಾಪಾಡಿದ ಎರಡು ಪದ, ಗೊತ್ತಿಲ್ಲದ ಕಳ್ಳರನ್ನು, ಹೆಂಡತಿಗೆ ಬಡಿದವರನ್ನು, ಇವತ್ತು ನನ್ನನ್ನೂ ಕಾಪಾಡಲು ತಾವಾಗಿ ಓಡಿಬಂದಿವೆ, ನಿಯತ್ತಿನ ನಾಯಿಯ ಹಾಗೆ.

ಇಟ್ಟುಕೊಳ್ಳಬಹುದು. ಡಾಕ್ಟರು ಗೊಣಗುತ್ತಾರೆ, ಮತ್ತೆ ಆ ಕೋರ್ಟಿನ ಹೆಂಗಸು ಅನ್ನುತ್ತಾರೆ, ಕೆಂಪು ಗೆರೆ ಎಳೆಯುತ್ತಾರೆ, ಎಳೆಯದೆಯೂ ಇರಬಹುದು, ಸುಸ್ತಾದ ದಿನ ನೋಡದೆ ಸಹಿ ಹಾಕುತ್ತಾರೆ, ಆಗ ನಾನೂರ ಹನ್ನೆರಡರ ಫೈಲಿನಲ್ಲಿ ನನ್ನ ಮಗ ಬರೀ ಆರೋಪ ಮಾಡಿದವನಾಗಿ ಉಳಿಯುತ್ತಾನೆ, ಏಳು ವರ್ಷದ ನೆತ್ತಿ ಸುಳ್ಳಿರಬಹುದು ಅನ್ನುವ ಹಾಗೆ. ಪೆಡಲ್ ಒತ್ತಿದೆ, ಪೂರ್ತಿ ಕೇಳಿಬಿಡೋಣ. ಮುಂದಿನ ಭೇಟಿಗೆ ತಾಯಿಯನ್ನು ಕರೆತರಲು ಸೂಚಿಸಿದೆ, ರೋಗಿ ನಿರಾಕರಿಸಿದ್ದಾನೆ, ಅವನ ಮಾತಿನಲ್ಲೇ ದಾಖಲಿಸುತ್ತೇನೆ, ಬೇಡ ಡಾಕ್ಟ್ರೇ, ಅಮ್ಮಂಗೆ ಅದು ನೆನಪೇ ಇಲ್ಲ, ಬಿದ್ದು ಮುರೀತು ಅಂತಾನೇ ನಂಬಿದಾರೆ, ಈ ವಯಸ್ಸಲ್ಲಿ ನೆನಪು ಮಾಡ್ಸಿ ಏನಾಗ್ಬೇಕು, ಪಾಪ, ಅವ್ರೂ ಸಾಕಷ್ಟು ನೋವು ತಿಂದಿದಾರೆ. ಪಾಪ ಅಂದನಂತೆ. ದುಡ್ಡು ಕೊಟ್ಟು ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಲು ಹೋದ ಜಾಗದಲ್ಲೂ ಪಾಪ ಅಂದನಂತೆ, ಅಲ್ಲೂ ಸಿಟ್ಟು ಬರಲಿಲ್ಲವಾ ನಿನಗೆ, ನನ್ನ ಮೇಲೆ ಬರಬೇಕಾದ್ದು ಬಾರದೆ ಆ ಮಗುವಿನ ಕೂದಲಿನ ಹತ್ತಿರ ಬಂದು ನಿಂತಿದೆಯಲ್ಲೋ, ಬಾ, ನನ್ನ ಹತ್ತಿರವೇ ಬಾ, ಎರಡೂ ಮುಕ್ಕಾಲಿಗೆ ಬರುತ್ತೀಯಲ್ಲ, ಬಾಗಿಲಲ್ಲಿ ನಿಂತು ಹೊರಡಬೇಡ. ಕರ್ಸರು ಮಿಣುಕುತ್ತಿದೆ ಸಾಲಿನ ಕೊನೆಯಲ್ಲಿ, ಕಿರುಬೆರಳು ಅಳಿಸುವ ಕೀಲಿಯ ಮೇಲೆ, ಒಂದೊಂದೇ ಅಕ್ಷರ ಹಿಂದಕ್ಕೆ ಹೋಗುತ್ತದೆ, ಆರೋಪಿಸಲಾಗಿದೆ ಹೋಯಿತು, ಎಂದು ಹೋಯಿತು, ಹೊಡೆಯುತ್ತಿದ್ದರು ಉಳಿಯಿತು, ಅದರ ಮುಂದೆ ಒಂದು ಪೂರ್ಣವಿರಾಮ ಇಟ್ಟೆ, ಗಟ್ಟಿಯಾಗಿ ಒತ್ತಿ ಇಟ್ಟೆ, ಪಕ್ಕದ ಹುಡುಗಿ ತಿರುಗಿ ನೋಡಿದಳು, ಏನಾಯ್ತು ಆಂಟಿ ಅಂದಳು, ಏನಿಲ್ಲಮ್ಮ, ಕೀಲಿ ಸ್ವಲ್ಪ ಗಟ್ಟಿ ಅಂದೆ.

ಒಂದೂ ಐವತ್ತು. ಕೊನೆಯ ಪ್ಯಾರಾ ಇದೆ, ಡಾಕ್ಟರ ಧ್ವನಿಯೂ ದಣಿದಿದೆ, ಹಲ್ಲು ಮುರಿದ ದಿನ ಏನು ಅನಿಸಿತು ಎಂದು ಕೇಳಿದಾಗ ರೋಗಿ, ನೋವು ನೆನಪಿಲ್ಲ, ಅಮ್ಮನನ್ನು ಒಂದು ಮಾತು ಕೇಳಿದ್ದು ನೆನಪಿದೆ ಎಂದ, ಯಾವ ಮಾತು ಎಂದು ಹೇಳಲಿಲ್ಲ, ಪೂರ್ಣವಿರಾಮ, ಮುಗಿಯಿತು, ಧನ್ಯವಾದ. ಟಕ್ ಎಂದು ಧ್ವನಿ ನಿಂತಿತು. ಪೆಡಲ್ ಒತ್ತಿದೆ, ಬರೀ ಗುಂಯ್ ಸದ್ದು, ಯಾವ ಮಾತೋ, ಹಿಮ್ಮಡಿ ಒತ್ತಿದೆ, ಏನು ಕೇಳಿದೆಯೋ ನನ್ನನ್ನು, ಫ್ಯಾನು ನಿಲ್ಲಿಸಿದರು, ಹೊರಡಿ ಹೊರಡಿ ಅನ್ನುತ್ತಿದ್ದಾರೆ ಸ್ಪೀಡ್ ಸಾಹೇಬರು, ಮನೆಗೆ ಹೋಗಬೇಕು, ಮಗು ಬರುತ್ತದೆ, ಕತ್ತರಿಸಿದ ತಲೆ ಹೊತ್ತುಕೊಂಡು ಬರುತ್ತದೆ, ಬಾಚಣಿಗೆ ಎತ್ತಿಕೊಂಡು ಮತ್ತೆ ಕೇಳುತ್ತದೆ, ಅಜ್ಜಿ, ಈ ಹಲ್ಲು ಎಲ್ಲಿ ಹೋಯ್ತು, ಅವನು ಬೂಟಿನ ದಾರ ಕಟ್ಟಿಕೊಳ್ಳುತ್ತಿರುತ್ತಾನೆ, ಆಗ ನಾನು — ಏಳು ವರ್ಷದವನು ನನ್ನ ಮೊಣಕಾಲುಗಳ ನಡುವೆ ನಿಂತಿದ್ದಾನೆ, ಸ್ಕೂಲಿನ ಬಿಳಿ ಶರಟು, ಕುರ್ಚಿ ಖಾಲಿ, ಅತ್ತೆ ಆಗಷ್ಟೇ ಒಳಗೆ ಎದ್ದುಹೋಗಿದ್ದಾರೆ, ನನ್ನ ಕೈಯಲ್ಲಿ ಬಾಚಣಿಗೆ, ಬಾಚಣಿಗೆಯಲ್ಲಿ ಹಲ್ಲು ಮುರಿದ ಸಂದು, ಅಳುತ್ತಿಲ್ಲ ಅವನು, ಕೈ ಎತ್ತಿ ನೆತ್ತಿ ತಡವಿಕೊಂಡ, ಎರಡು ಬೆರಳಲ್ಲಿ ಹಿಡಿದು ಅದನ್ನು ತಾನೇ ಕಿತ್ತ, ನನ್ನ ಕಡೆ ತಿರುಗಿದ, ಅಂಗೈ ಚಾಚಿದ, ಅಂಗೈಯ ನಡುವೆ ಮರದ ಚೂರು, ತುದಿಯಲ್ಲಿ ಕೆಂಪು, ಒಳಗಿನವರಿಗೆ ಕೇಳಬಾರದೆಂದು ಪಿಸುಗುಟ್ಟಿದ, ಅಮ್ಮಾ, ಮುರ್ದೋಯ್ತು, ಅಜ್ಜಿ ನಿನ್ನ ಬೈತಾರಾ — ಅಂಗೈಯ ನಡುವೆ ಮರದ ಚೂರು — ಅಜ್ಜಿ ನಿನ್ನ ಬೈತಾರಾ ಅಮ್ಮಾ — ಅಂಗೈಯ ನಡುವೆ